ಆರನೆಯ ದಿನದ ರಾತ್ರಿ

ಟೊಲೆಡೊ, 1178ನೆಯ ಇಸವಿ, ಅಕ್ಟೋಬರ್ 8, ಭಾನುವಾರ. ಹೊತ್ತು ಹುಟ್ಟಿ ಎರಡು ಗಳಿಗೆಯಾಗಿತ್ತು. ಜೊಕೊದೊವೆರ್ ಸಂತೆಬಯಲಿನ ಠಾಣೆಯಲ್ಲಿ ತನಿಖಾಧಿಕಾರಿ ಸೆಬ್ರಿಯಾನ್ ಇನ್ನೂ ರೊಟ್ಟಿಗೆ ಎಣ್ಣೆ ಹಚ್ಚುತ್ತಿದ್ದ. ಆಗಲೇ ದೂರು ಬಂತು. ದೂರು ಎನ್ನುವುದಕ್ಕಿಂತ ಮೆರವಣಿಗೆ ಎನ್ನಬೇಕು. ಮುಂದೆ ಚರ್ಮದ ವ್ಯಾಪಾರಿ ಫೊರ್ತುನ್, ಹಿಂದೆ ಇಪ್ಪತ್ತು ಜನ, ನಡುವೆ ಕೈ ಕಟ್ಟಿಸಿಕೊಂಡ ಒಬ್ಬ ಮುದುಕ. ಮುದುಕನ ಹಣೆ ಒಡೆದು ನೆತ್ತರು ಬಿಳಿಗಡ್ಡಕ್ಕೆ ಇಳಿದಿತ್ತು. ಅವನು ಯಾರೆಂದು ಠಾಣೆಯಲ್ಲಿ ಯಾರೂ ಕೇಳಲಿಲ್ಲ. ಹಕೀಮ ಮುತರ್ರಿಫ್‌ನನ್ನು ಅರಿಯದವರೆಂದರೆ ಆ ಊರಲ್ಲಿ ಕಾಯಿಲೆಯೇ ಬೀಳದವರು ಮಾತ್ರ.

"ಇವನನ್ನ ಗಲ್ಲಿಗೆ ಹಾಕಿ," ಎಂದ ಫೊರ್ತುನ್.

"ಮೊದ್ಲು ಏನಾಯ್ತು ಹೇಳು. ಗಲ್ಲು ಆಮೇಲೆ ನೋಡೋಣ."

"ನನ್ನ ತಮ್ಮ ತೆಲ್ಲೊ, ಕತ್ತಿ ಮಾಡೋ ಕಮ್ಮಾರ. ಮಂಗಳವಾರದಿಂದ ಜ್ವರ. ಇವನದೇ ಮದ್ದು. ಇವತ್ತು ಬೆಳಗ್ಗೆ ಎಬ್ಬಿಸಿದ್ರೆ ಏಳ್ತಿಲ್ಲ."

"ಉಸಿರಾಡ್ತಿದ್ದಾನಾ?"

"ಆಡ್ತಾನೆ. ಸಾಯೋಕೆ ಎಷ್ಟು ಬೇಕೋ ಅಷ್ಟು."

"ಇವರು ವಿಷ ಹಾಕಿದ್ದನ್ನ ನೋಡಿದ್ಯಾ?"

"ನೋಡೋದೇನು ಬಂತು? ಮದ್ದು ಇವನದು, ಸಾಯ್ತಿರೋನು ನನ್ನ ತಮ್ಮ. ಮುಂಜಾನೆ ಏನೂ ಗೊತ್ತಿಲ್ಲದೋನ ಹಾಗೆ ನಾಡಿ ನೋಡೋಕೆ ಬಂದ. ಅಲ್ಲೇ ಹಿಡಿದ್ವಿ."

"ಹಿಡಿದಿದ್ದು ಕಾಣ್ತಾ ಇದೆ," ಎಂದ ಸೆಬ್ರಿಯಾನ್, ಮುದುಕನ ಹಣೆ ನೋಡುತ್ತ.

ದೂರನ್ನು ಬರೆದುಕೊಂಡು ಫೊರ್ತುನ್‌ನ ಹೆಬ್ಬೆಟ್ಟು ಒತ್ತಿಸಲಾಯಿತು. ಹಕೀಮನನ್ನು ಒಳಗೆ ಕೂಡಿಹಾಕದೆ ಬೇರೆ ದಾರಿ ಇರಲಿಲ್ಲ. ಹೊರಗೆ ಬಿಟ್ಟರೆ ಆ ಇಪ್ಪತ್ತು ಜನವೇ ತೀರ್ಪು ಕೊಟ್ಟುಬಿಡುತ್ತಿದ್ದರು. ಸಂಜೆಯೊಳಗೆ ತೆಲ್ಲೊ ಸತ್ತರೆ ನ್ಯಾಯಾಧೀಶರೂ ಬೇರೇನು ಮಾಡುವವರಲ್ಲ. ಕ್ರೈಸ್ತನೊಬ್ಬ ಮುಸಲ್ಮಾನ ವೈದ್ಯನ ಕೈಯಲ್ಲಿ ಸತ್ತನೆಂದರೆ ಊರಿಗೆ ಅಷ್ಟೇ ಸಾಕು.

ಬಾಗಿಲಿಗೆ ಬೀಗ ಬೀಳುವಾಗ ಹಕೀಮ ಎರಡೇ ಮಾತು ಹೇಳಿದ. "ನನ್ನ ಹಾಳೆಗಳು ತೆಲ್ಲೊನ ಹೆಂಡತಿ ಓರಿಯಾ ಹತ್ರ ಇವೆ, ನೋಡಿ. ತೆಲ್ಲೊನನ್ನ ಸುಮ್ನೆ ಮಲಗೋಕೆ ಬಿಡ್ಬೇಡಿ, ಎಳೆದಾಡ್ತಾ ಇರಿ."

ತನ್ನ ಹಣೆಯ ಗಾಯದ ಬಗ್ಗೆ ಅವನು ಸೊಲ್ಲೆತ್ತಲಿಲ್ಲ.

ತೆಲ್ಲೊನ ಮನೆ ಹೊಳೆಯತ್ತ ಇಳಿಯುವ ಓಣಿಯಲ್ಲಿತ್ತು. ಸೆಬ್ರಿಯಾನ್ ಪೇದೆ ಮುನ್ಯೊನನ್ನು ಕರೆದುಕೊಂಡು ಹೋದ. ಮುನ್ಯೊ ಬಡಗಣ ಕಸ್ತೀಲಿಯಿಂದ ಬಂದ ಆಳು. ಬಾಗಿಲು ಒಡೆಯುವುದರಲ್ಲಿ ಎತ್ತಿದ ಕೈ, ಹಸಿವು ತಡೆಯುವುದರಲ್ಲಿ ಸೊನ್ನೆ. ಸೆಬ್ರಿಯಾನ್ ಅರಬ್ಬರ ಆಳ್ವಿಕೆಯ ಕಾಲದಿಂದ ಇದೇ ಊರಲ್ಲಿದ್ದ ಹಳೇ ಕ್ರೈಸ್ತ ಮನೆತನದವನು. ಮನೆಯಲ್ಲಿ ಅರಬ್ಬಿ, ಇಗರ್ಜಿಯಲ್ಲಿ ಲ್ಯಾಟಿನ್, ಬೈಯುವುದಕ್ಕೆ ಮಾತ್ರ ಕಸ್ತೀಲಿ.

ಹಾಸಿಗೆಯಲ್ಲಿ ತೆಲ್ಲೊನ ತುಟಿ ನೀಲಿಗಟ್ಟಿತ್ತು. ಸೆಬ್ರಿಯಾನ್ ಹತ್ತು ಎಣಿಸುವಷ್ಟರಲ್ಲಿ ಒಂದು ಉಸಿರು ಬಂತು. ಹೆಂಡತಿ ಓರಿಯಾ ಅವನ ಅಂಗಾಲು ಉಜ್ಜುತ್ತಿದ್ದಳು.

"ರಾತ್ರಿ ಏನು ಕೊಟ್ರಿ ಅಮ್ಮ?"

"ಅಫೀಮಿನ ಪಾಕ, ಒಂದು ಚಮಚ. ಮೂರು ದಿನದಿಂದ ನಿದ್ದೆ ಇರ್ಲಿಲ್ಲ ಸ್ವಾಮಿ. ಒಂದು ರಾತ್ರಿ ಮಲಗ್ಲಿ, ಆಮೇಲೆ ಜ್ವರ ಇಳಿಮುಖಕ್ಕೆ ತಿರುಗೋ ತನಕ ಏನೂ ಬೇಡ ಅಂದಿದ್ರು ಹಕೀಮರು."

"ಒಂದೇ ಚಮಚಾನಾ?"

"ಒಂದೇ. ಬೇಕಾದ್ರೆ ಹಾಳೆ ನೋಡಿ."

ಅವಳು ಬಟ್ಟೆಯ ಗಂಟು ಬಿಚ್ಚಿ ಐದು ಹಾಳೆ ಕೊಟ್ಟಳು. ದಿನಕ್ಕೊಂದು. ನಾಡಿ ಹೇಗಿತ್ತು, ಮೂತ್ರದ ಬಣ್ಣ ಏನು, ಯಾವ ಮದ್ದು, ಎಷ್ಟು ತೂಕ, ಯಾವ ಹೊತ್ತಿಗೆ, ಎಲ್ಲ ಅರಬ್ಬಿಯಲ್ಲಿ ಒತ್ತಾಗಿ ಬರೆದಿತ್ತು. ಅರಬ್ಬಿ ವೈದ್ಯರ ಪದ್ಧತಿಯಂತೆ ಇಂಥದೇ ಇನ್ನೊಂದು ಪ್ರತಿ ಹಕೀಮನ ಮನೆಯಲ್ಲಿರುತ್ತದೆ. ರೋಗಿ ಎದ್ದು ಓಡಾಡಿದರೆ ಹಾಳೆಯನ್ನು ಒಲೆಗೆ ಹಾಕಬಹುದು. ರೋಗಿ ಸತ್ತರೆ ಮನೆಯವರು ಅದನ್ನು ಊರಿನ ಹಿರಿಯ ವೈದ್ಯನ ಮುಂದಿಡಬೇಕು. ತಪ್ಪಿದ್ದರೆ ವೈದ್ಯನಿಗೆ ಶಿಕ್ಷೆ, ಇಲ್ಲದಿದ್ದರೆ ದೇವರ ಇಚ್ಛೆ. ಕಡೆಯ ಹಾಳೆಯ ಕೊನೆಯ ಸಾಲು ಹೀಗಿತ್ತು: "ಆರನೆಯ ದಿನದ ರಾತ್ರಿ, ಅಫೀಮಿನ ಪಾಕ, ಒಂದೇ ಸಲ."

ಹಿರಿಯ ವೈದ್ಯ ಎಂದರೆ ಶೆಮ್ತೋಬ್, ಯಹೂದಿ ಕೇರಿಯ ಎಂಬತ್ತರ ಮುದುಕ. ಪಕ್ಕದ ಮನೆಯವನನ್ನು ಓಡಿಸಿ ಅವನನ್ನು ಕರೆಸಿದ್ದಾಯಿತು. ಅವನು ಬರುವಷ್ಟರಲ್ಲಿ ಸೆಬ್ರಿಯಾನ್ ನೆರೆಯ ಇಬ್ಬರನ್ನು ಪಂಚರನ್ನಾಗಿ ನಿಲ್ಲಿಸಿ ಪಂಚನಾಮೆ ಶುರುಮಾಡಿದ. ಪಾಕದ ಬಾಟಲಿ ಒಂದು, ಮುಕ್ಕಾಲು ತುಂಬಿದ್ದು. ಬೆಳ್ಳಿಯ ಚಮಚ ಒಂದು. ನೀರಿನ ಹೂಜಿ ಒಂದು. ಜವೆಗೋಧಿ ಗಂಜಿಯ ಬಟ್ಟಲು ಒಂದು, ಬರಿದು.

"ಬರಿದು ಹೇಗಾಗುತ್ತೆ?" ಎಂದಳು ಓರಿಯಾ. "ನಿನ್ನೆ ಸಂಜೆ ಇವರು ಅರ್ಧವೇ ಕುಡಿದಿದ್ದು. ಇನ್ನರ್ಧ ಅಲ್ಲೇ ಇತ್ತು."

ಸೆಬ್ರಿಯಾನ್ ತಿರುಗಿ ಮುನ್ಯೊನನ್ನು ನೋಡಿದ. ಮುನ್ಯೊ ಮೀಸೆ ಒರೆಸಿಕೊಂಡ.

"ಸಾಹೇಬ್ರೆ, ಬೆಳಗ್ಗೆಯಿಂದ ಹೊಟ್ಟೆಗೇನೂ ಇರ್ಲಿಲ್ಲ. ಹಾಳಾಗಿ ಹೋಗುತ್ತಲ್ಲ ಅಂತ..."

"ಲೇ, ಅದು ಸಾಕ್ಷಿ ಕಣೋ!"

"ಸಿಹಿಯಾಗಿತ್ತು. ಕೊನೇಲಿ ಸ್ವಲ್ಪ ಕಹಿ."

ಇಂಥ ಪೇದೆಯನ್ನು ಕಟ್ಟಿಕೊಂಡು ತನಿಖೆ ಮಾಡುವುದಕ್ಕಿಂತ ಎಮ್ಮೆ ಮೇಯಿಸುವುದು ಮೇಲು ಎಂದು ಸೆಬ್ರಿಯಾನ್ ಬಾಯಿಬಿಟ್ಟೇ ಅಂದ. "ಬಟ್ಟಲು ಬರಿದು, ಪೇದೆಯ ತಪ್ಪಿನಿಂದ" ಎಂದು ಪಂಚನಾಮೆಯಲ್ಲೂ ಬರೆದ. ಪಂಚರು ನಗು ತಡೆದುಕೊಂಡು ರುಜು ಹಾಕಿದರು.

ಶೆಮ್ತೋಬ್ ಕೋಲೂರಿಕೊಂಡು ಬಂದ. ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದ. ಆಮೇಲೆ ತನ್ನ ತಕ್ಕಡಿ ತೆಗೆದು ಬಾಟಲಿ ತೂಗಿದ. ಹಕೀಮ ಕೊಟ್ಟಾಗಿನ ತೂಕ ಹಾಳೆಯಲ್ಲೇ ಇತ್ತು.

"ಸರಿಯಾಗಿ ಒಂದು ಚಮಚ ಹೋಗಿದೆ. ಹೆಚ್ಚಿಲ್ಲ, ಕಮ್ಮಿಯಿಲ್ಲ. ಇಷ್ಟರಿಂದಲೇ ಯಾರೂ ಸಾಯೋದಿಲ್ಲ."

"ಹಾಗಾದ್ರೆ ಹಕೀಮರ ತಪ್ಪಿಲ್ಲ?"

"ತಪ್ಪಾ?" ಮುದುಕ ಸಿಡುಕಿದ. "ನೋಡಯ್ಯ, ಈ ಮನುಷ್ಯ ದಿನಾ ತನ್ನ ನೇಣು ತಾನೇ ಬರೆದು ರೋಗಿ ಮನೇಲಿ ಇಟ್ಟು ಹೋಗ್ತಾನೆ. ರಕ್ತ ತೆಗೆಯೋ ನಿಮ್ಮ ಕ್ಷೌರಿಕರಲ್ಲಿ ಹೀಗೆ ಮಾಡೋ ಒಬ್ಬನನ್ನ ತೋರಿಸು, ಅವನ ಕಾಲು ತೊಳೀತೀನಿ. ಅಂಥೋನ ಹಣೆ ಒಡೆದಿದ್ದೀರಂತೆ, ಥೂ!"

ಸೆಬ್ರಿಯಾನ್‌ಗೆ ಆ ಮಾತು ನಾಟಿತು. ಅಪರಾಧ ಮಾಡಿದವರು ಗುರುತು ಅಳಿಸುವುದನ್ನು ಅವನು ಹದಿನೆಂಟು ವರ್ಷ ನೋಡಿದ್ದ. ಇನ್ನೂ ಮಾಡದ ತಪ್ಪಿಗೂ ಸಾಕ್ಷಿ ಒದಗಿಸಿಡುವ ಮನುಷ್ಯನನ್ನು ನೋಡಿದ್ದು ಇದೇ ಮೊದಲು. ಆ ಐದು ಹಾಳೆಗಳನ್ನು ಅವನು ಎರಡೂ ಕೈಯಲ್ಲಿ ಮಡಿಸಿ ಎದೆಯ ಹತ್ತಿರ ಇಟ್ಟುಕೊಂಡ.

"ಹಾಗಾದ್ರೆ ತೆಲ್ಲೊಗೆ ಏನಾಗಿದೆ?"

ಶೆಮ್ತೋಬ್ ಉತ್ತರ ಕೊಡುವ ಮೊದಲು ಬಾಗಿಲ ಬಳಿ ಧಡ್ ಎಂದಿತು. ನಿಂತಲ್ಲೇ ತೂಕಡಿಸುತ್ತಿದ್ದ ಮುನ್ಯೊ ಗೋಡೆಗುಂಟ ಜಾರಿ ಕುಳಿತಿದ್ದ. ಸೆಬ್ರಿಯಾನ್ ಅವನ ಕೆನ್ನೆಗೆರಡು ಬಾರಿಸಿದ. ಮುನ್ಯೊ ಕಣ್ಣು ಬಿಟ್ಟು, "ಅಮ್ಮಾ, ಇನ್ನೊಂದು ಗಳಿಗೆ," ಎಂದು ಮತ್ತೆ ಮುಚ್ಚಿದ. ಮುದುಕ ವೈದ್ಯ ಬಗ್ಗಿ ಅವನ ರೆಪ್ಪೆ ಎತ್ತಿ ನೋಡಿದ. ಎದ್ದುಹೋಗಿ ತೆಲ್ಲೊನ ರೆಪ್ಪೆ ಎತ್ತಿ ನೋಡಿದ. ಇಬ್ಬರ ಕಣ್ಣಿನ ಕರಿಗೊಂಬೆಯೂ ಸಾಸಿವೆ ಕಾಳಿನಷ್ಟಾಗಿತ್ತು.

"ಗಂಜೀಲಿ ಅಫೀಮಿತ್ತು," ಎಂದ ಶೆಮ್ತೋಬ್. "ಅರ್ಧ ನಿನ್ನ ಪೇದೆ ಹೊಟ್ಟೇಲಿದೆ, ಅರ್ಧ ಇವನ ಹೊಟ್ಟೇಲಿದೆ. ಅದರ ಮೇಲೆ ಚಮಚ ಪಾಕ ಬೇರೆ. ಪೂರ್ತಿ ಬಟ್ಟಲು ಕುಡಿದಿದ್ರೆ ರಾತ್ರಿಯೇ ಮುಗಿದಿರೋದು."

"ಉಳಿಸಬಹುದಾ?"

"ನನ್ನ ಕೈ ನಡುಗುತ್ತೆ. ಗಂಟಲಿಗೆ ಗರಿ ಹಾಕಿ ವಾಂತಿ ಮಾಡಿಸ್ಬೇಕು, ಸಂಜೆ ತನಕ ಕ್ಷಣ ಬಿಡದೆ ನಡೆಸ್ಬೇಕು. ಈ ಊರಲ್ಲಿ ಅದನ್ನ ಮಾಡಬಲ್ಲೋನು ಒಬ್ಬನೇ. ಅವನನ್ನ ನೀನು ಬೀಗ ಹಾಕಿ ಇಟ್ಟಿದ್ದೀಯ."

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಸೆಬ್ರಿಯಾನ್ ಹಕೀಮನನ್ನು ಠಾಣೆಯಿಂದ ಬಿಡಿಸಿ ಕರೆತಂದ. ಮನೆ ಬಾಗಿಲಲ್ಲಿ ಫೊರ್ತುನ್ ಅಡ್ಡ ನಿಂತ.

"ಕೊಂದ ಕೈಲೇ ಮತ್ತೆ ಮುಟ್ಟಿಸ್ತೀರಾ?"

"ಪಕ್ಕಕ್ಕೆ ಸರಿ."

"ಸತ್ರೆ?"

"ಸತ್ರೆ ಇವರ ಜೊತೆ ನನ್ನನ್ನೂ ನೇಣಿಗೆ ಹಾಕ್ಸು. ಬೇಕಾದ್ರೆ ಬರೆದು ಕೊಡ್ತೀನಿ."

ಫೊರ್ತುನ್ ಸರಿಯಲಿಲ್ಲ. ಸೆಬ್ರಿಯಾನ್ ಹಾಳೆ ಕೇಳಿ, ಅಲ್ಲೇ ಹೊಸಿಲ ಮೇಲೆ ಕುಳಿತು ನಿಜವಾಗಿಯೂ ಬರೆದು ಕೊಟ್ಟ. ಓದಲು ಬಾರದ ಫೊರ್ತುನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ, ಆಮೇಲೆ ಪಕ್ಕಕ್ಕೆ ಸರಿದ.

ಒಳಗೆ ಹಕೀಮ ಯಾರನ್ನೂ ದೂರಲಿಲ್ಲ. ಬಿಸಿನೀರಿಗೆ ಜೇನು, ಹುಳಿಬಂದ ದ್ರಾಕ್ಷಿರಸ, ಉಪ್ಪು ಬೆರೆಸಿದ. ಗರಿ ಹಾಕಿ ವಾಂತಿ ಮಾಡಿಸಿದ. ಮೂಗಿಗೆ ಮೆಣಸಿನ ಪುಡಿ ಊದಿ ಸೀನಿಸಿದ. "ಹಿಡೀರಿ ಇವನನ್ನ, ನಡೆಸಿ," ಎಂದು ತೆಲ್ಲೊನ ಒಂದು ಹೆಗಲನ್ನು ಫೊರ್ತುನ್‌ಗೇ ಕೊಟ್ಟ. ಬೆಳಗ್ಗೆ ತನ್ನ ಹಣೆ ಒಡೆದವನ ಕೈಗೆ! ಅಣ್ಣ ತಮ್ಮನನ್ನು ಅಂಗಳದ ತುಂಬ ಎಳೆದುಕೊಂಡು ಅಳುತ್ತ ನಡೆದ. ಇನ್ನೊಂದು ಮೂಲೆಯಲ್ಲಿ ಪಂಚರು ಮುನ್ಯೊನನ್ನು ನಡೆಸುತ್ತಿದ್ದರು. ಮೂರನೆಯ ಜಾವ ಕಳೆಯುವಾಗ ತೆಲ್ಲೊ ಕಣ್ಣು ತೆರೆದು, "ಯಾಕೋ ಎಳೆದಾಡ್ತೀಯ, ದರಿದ್ರದೋನೇ," ಎಂದು ಅಣ್ಣನನ್ನು ಬೈದ. ಓರಿಯಾ ನೆಲಕ್ಕೆ ಕುಸಿದು ಕುಳಿತಳು. ಫೊರ್ತುನ್ ಹಕೀಮನ ಕಾಲು ಹಿಡಿಯಲು ಬಂದ.

"ಕಾಲು ಬಿಡಪ್ಪ, ಅವನನ್ನ ಹಿಡಿ," ಎಂದ ಹಕೀಮ. "ಇನ್ನೂ ನಾಲ್ಕು ಗಳಿಗೆ ನಡೀಬೇಕು."

ಜೀವವೇನೋ ಉಳಿಯಿತು. ಆದರೆ ಹಾಕಿದವನು ಯಾರು? ಸೆಬ್ರಿಯಾನ್ ಹಕೀಮನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ಕೇಳಿದ.

"ಯಾರಿಗೆ ಇವನ ಮೇಲೆ ಹಗೆ?"

"ಹಗೆ ಅಲ್ಲ ಇದು. ಕೊಲ್ಲೋಕೆ ಬಂದವನು ಹತ್ತು ಪಾಲು ಹಾಕ್ತಾನೆ. ಅರ್ಧ ಕುಡಿದ ನಿಮ್ಮ ಪೇದೆ ಬರೀ ತೂಕಡಿಸ್ತಿದ್ದಾನೆ. ಇಲ್ಲಿ ಹಾಕಿರೋದು ನಾನು ಕೊಡೋಷ್ಟೇ, ಒಂದು ರಾತ್ರಿ ನಿದ್ದೆಗೆ ಎಷ್ಟೋ ಅಷ್ಟು. ತೂಕ ತಿಳಿದವನ ಕೈ."

"ಮತ್ತೆ ಸಾಯೋ ಹಂತಕ್ಕೆ ಯಾಕೆ ಬಂತು?"

"ಜ್ವರದಲ್ಲಿ ಸೊರಗಿದ ಮೈಗೆ ಎರಡೂ ಒಂದೇ ರಾತ್ರಿ ಬಿತ್ತಲ್ಲ. ನಾನೂ ಕೊಡ್ತೀನಿ ಅಂತ ಅವನಿಗೆ ಗೊತ್ತಿರ್ಲಿಲ್ಲವೋ ಏನೋ."

ಸೆಬ್ರಿಯಾನ್ ಯೋಚಿಸಿದ. ನಿನ್ನೆ ಸಂಜೆ ಮನೆಗೆ ಬಂದವರು ಇಬ್ಬರೇ. ಒಬ್ಬ ಫೊರ್ತುನ್. ಇನ್ನೊಬ್ಬ ಹಕೀಮನ ಶಿಷ್ಯ ರಾವುಲ್, ಪರ್ವತದಾಚೆಯ ಫ್ರಾನ್ಸಿನಿಂದ ಬಂದ ಪಾದ್ರಿ, ಐವತ್ತು ದಾಟಿದವನು. ಹಕೀಮನ ಮದ್ದಿನ ಪೆಟ್ಟಿಗೆ ಅವನ ವಶದಲ್ಲೇ ಇರುತ್ತಿತ್ತು. ಹಕೀಮ ಅರಬ್ಬಿಯಲ್ಲಿ ಬರೆದ ವೈದ್ಯಗ್ರಂಥವನ್ನು ಎಂಟು ತಿಂಗಳಿಂದ ಲ್ಯಾಟಿನ್ನಿಗೆ ಇಳಿಸುತ್ತಿದ್ದ. ಗಂಜಿ ಆರಿಸಿ ಕುಡಿಸಿದ್ದು ಅವನೇ ಎಂದು ಓರಿಯಾ ಹೇಳಿದ್ದಳು, "ತಾಯಿ ಹಾಗೆ ಕುಡಿಸಿದ್ರು, ಪಾಪ."

ಮನೆಯ ಪ್ರತಿಯೊಬ್ಬರಿಗೂ ಸೆಬ್ರಿಯಾನ್ ಒಂದೇ ಪ್ರಶ್ನೆ ಹಾಕಿದ: ಅಫೀಮಿನ ಪಾಕ ಯಾವ ರಾತ್ರಿಗೆ ಅಂತ ಇತ್ತು?

"ನಿನ್ನೆ ರಾತ್ರಿಗೆ," ಎಂದಳು ಓರಿಯಾ.

"ನಂಗೇನು ಗೊತ್ತು? ಆ ಸೊಟ್ಟ ಅಕ್ಷರ ಓದೋಕೆ ನಾನೇನು ಪಾದ್ರಿನಾ?" ಎಂದ ಫೊರ್ತುನ್. ಮದ್ದಿನ ತೂಕದ ಗಂಧಗಾಳಿಯೂ ಅವನಿಗಿರಲಿಲ್ಲ.

ಹೊತ್ತು ಮುಳುಗಲು ಮೂರು ಗಳಿಗೆ ಇರುವಾಗ ಸೆಬ್ರಿಯಾನ್ ದೊಡ್ಡ ಇಗರ್ಜಿಯ ಹಿಂದಿನ ಕೋಣೆಗೆ ಹೋದ. ಭಾನುವಾರವಾದರೂ ರಾವುಲ್ ಬರೆಯುವ ಮಣೆಯ ಮುಂದೆ ಕುಳಿತಿದ್ದ. ಎದುರಿಗಿದ್ದ ಹಾಳೆ ಖಾಲಿಯಿತ್ತು, ಲೇಖನಿಯ ಮಸಿ ಒಣಗಿತ್ತು. ಅವನ ಕಣ್ಣು ಕೆಂಪಾಗಿತ್ತು.

"ನಿಮ್ಮ ಗುರುಗಳನ್ನ ಹಿಡಿದಿದ್ದು ಗೊತ್ತಾಯ್ತಾ?"

"ಗೊತ್ತಾಯ್ತು."

"ಬರ್ಲಿಲ್ಲ?"

ರಾವುಲ್ ಒಣಗಿದ ಲೇಖನಿಯನ್ನು ಕೈಗೆತ್ತಿಕೊಂಡ.

"ನಿನ್ನೆ ಗಂಜಿ ಕುಡಿಸಿದ್ದು ನೀವೇನಾ?"

"ನಾನೇ."

"ಹಕೀಮರ ಹಾಳೆ ಓದಿದ್ರಾ?"

"ದಿನಾ ಓದ್ತೀನಿ. ಓದಿ ನನ್ನ ಪುಸ್ತಕಕ್ಕೂ ಬರ್ಕೋತೀನಿ."

"ಅಫೀಮಿನ ಪಾಕ ಯಾವಾಗ ಅಂತ ಇತ್ತು?"

"ಆರನೇ ದಿನದ ರಾತ್ರಿ."

"ಅಂದ್ರೆ ಯಾವತ್ತು?"

"ಮಂಗಳವಾರ ಜ್ವರ ಶುರು. ಇವತ್ತಿಗೆ ಆರನೇ ದಿನ. ಪಾಕ ಇವತ್ತು ರಾತ್ರಿಗೆ."

ಸೆಬ್ರಿಯಾನ್ ಹಕೀಮನ ಕಡೆಯ ಹಾಳೆಯನ್ನು ಎದೆಯ ಬಳಿಯಿಂದ ತೆಗೆದು ಮಣೆಯ ಮೇಲಿಟ್ಟ. ಆಮೇಲೆ ಮೆಲ್ಲಗೆ ಹೇಳಿದ. "ಸ್ವಾಮಿಗಳೇ, ನಮ್ಮಲ್ಲಿ, ಅರಬ್ಬಿ ಲೆಕ್ಕದಲ್ಲಿ, ಹೊತ್ತು ಮುಳುಗಿದ್ರೆ ಮಾರನೇ ದಿನ ಶುರು. ರಾತ್ರಿ ಮೊದ್ಲು, ಹಗಲು ಆಮೇಲೆ. ಆರನೇ ದಿನದ ರಾತ್ರಿ ಅಂದ್ರೆ ನಿನ್ನೆ ರಾತ್ರಿ. ಓರಿಯಾ ನಿನ್ನೆಯೇ ಕೊಟ್ಟಿದ್ದಾಳೆ."

ಲೇಖನಿ ಕೆಳಗೆ ಬಿತ್ತು.

"ನಿನ್ನೆಯಾ? ಎರಡೂ... ಒಂದೇ ರಾತ್ರೀಲಾ?"

ಗಂಜಿಯಲ್ಲಿದ್ದ ಅಫೀಮಿನ ಮಾತನ್ನು ಸೆಬ್ರಿಯಾನ್ ಇನ್ನೂ ಎತ್ತಿರಲಿಲ್ಲ. ಅದೇ ತಪ್ಪೊಪ್ಪಿಗೆ. ಬೇರೆ ಕೇಳಬೇಕಾದ್ದು ಉಳಿಯಲಿಲ್ಲ. ರಾವುಲ್ ತಾನೇ ಎದ್ದು, ಹಾಸಿಗೆಯ ಅಡಿಯಿಂದ ಅಫೀಮು ಸುತ್ತಿದ್ದ ಬಟ್ಟೆಯ ಚೂರನ್ನು ತಂದು ಮುಂದಿಟ್ಟ. ಹಬ್ಬವಾದರೆ ತಮ್ಮ ಇಗರ್ಜಿಯಲ್ಲೂ ಹಿಂದಿನ ಸಂಜೆಯಿಂದಲೇ ಶುರು ಎಂಬುದು ಪಾದ್ರಿಯಾದ ಅವನಿಗೆ ಗೊತ್ತಿತ್ತು. ಜ್ವರಕ್ಕೂ ಅದೇ ಲೆಕ್ಕ ಎಂದು ಹೊಳೆದಿರಲಿಲ್ಲ. ಅರಬ್ಬಿ ಅಕ್ಷರವನ್ನೆಲ್ಲ ಹಗಲುರಾತ್ರಿ ಕೂತು ಕಲಿತಿದ್ದ. ಆ ಜನ ಹಗಲುರಾತ್ರಿಯನ್ನು ಹೇಗೆ ಎಣಿಸುತ್ತಾರೆಂದು ಮಾತ್ರ ಯಾರನ್ನೂ ಕೇಳಿರಲಿಲ್ಲ.

"ತೆಲ್ಲೊ..."

"ಬದುಕಿದ್ದಾನೆ. ಕುರಿಮಾಂಸ ಬೇಕು ಅಂತ ಹಟ ಹಿಡಿದಿದ್ದಾನೆ."

ರಾವುಲ್ ಮುಖ ಮುಚ್ಚಿಕೊಂಡು ಅತ್ತ. ಅಳು ನಿಂತ ಮೇಲೆ ಸೆಬ್ರಿಯಾನ್ ಕೇಳಿದ, "ಯಾಕೆ?"

ಬಿಟ್ಟು ಬಿಟ್ಟು ಹೇಳಿದ ಆ ಹೇಳಿಕೆಯನ್ನು ಸೆಬ್ರಿಯಾನ್ ಅಲ್ಲೇ ಬರೆದುಕೊಂಡ. ಸೆವಿಲ್ಯಾದಲ್ಲಿರುವ ಮಗಳ ಹೆರಿಗೆಗೆಂದು ಹಕೀಮ ಬುಧವಾರ ಹೊರಡುವವನಿದ್ದ. ಚಳಿಗಾಲಕ್ಕೆ ಮುಂಚೆ ತೆಂಕಣಕ್ಕೆ ಹೋಗುವ ಕಡೆಯ ಹೇಸರಗತ್ತೆ ಸಾಲು ಅದು. ಗ್ರಂಥದಲ್ಲಿ ನಲವತ್ತು ಹಾಳೆ ಉಳಿದಿತ್ತು, ಅದೂ ಜ್ವರದ ಭಾಗ. ರೋಗಿ ಹಾಸಿಗೆಯಲ್ಲಿರುವಾಗ ಹಕೀಮ ಊರು ಬಿಡುವುದಿಲ್ಲ, ಅದು ಅವನ ನೇಮ. ಜ್ವರ ತಿರುಗುವುದು ಏಳನೆಯ ದಿನ, ಸೋಮವಾರ. ಒಂದರ ಮೇಲೊಂದು ಎರಡು ರಾತ್ರಿ ಅಫೀಮು ಬಿದ್ದರೆ ಅದು ಹದಿನಾಲ್ಕನೆಯ ದಿನಕ್ಕೆ ಹೋಗುತ್ತದೆ. ಇದನ್ನೂ ಆ ಗ್ರಂಥದಲ್ಲೇ ಓದಿದ್ದ.

"ನಾಲ್ಕು ವರ್ಷದ ಹಿಂದೆ ನನ್ನ ಊರಿಗೆ ಜ್ವರ ಬಂತು," ಎಂದ ರಾವುಲ್. "ನಮ್ಮ ವೈದ್ಯರು ಎಲ್ಲರಿಗೂ ರಕ್ತ ತೆಗೆದ್ರು. ನನ್ನ ತಾಯಿಗೆ ನಾಲ್ಕು ಸಲ. ಕೊನೇಲಿ ಅವಳ ಕೈ ಮೇಣದ ಹಾಗಾಗಿತ್ತು. ನಾನೇ ಬಟ್ಟಲು ಹಿಡಿದಿದ್ದೆ ಸ್ವಾಮಿ. ಇಲ್ಲಿಗೆ ಬಂದು ಗುರುಗಳ ಮೊದಲ ಹಾಳೆ ಓದಿದ ದಿನ ಊಟ ಸೇರಲಿಲ್ಲ. ಇಷ್ಟೆಲ್ಲ ತಿಳಿದವರು ಭೂಮಿ ಮೇಲಿದ್ರು, ನಾವು ಬಟ್ಟಲು ಹಿಡ್ಕೊಂಡು ಕೂತಿದ್ವಿ."

"ಇದನ್ನ ಅವರಿಗೇ ಹೇಳಿ, ಇದ್ದುಬಿಡಿ ಅಂತ ಕೇಳಬಹುದಿತ್ತಲ್ಲ?"

"ನಮ್ಮ ಕಡೆ ವಿದ್ಯೆ ಇರೋನು ಅದನ್ನ ಬಚ್ಚಿಡ್ತಾನೆ. ಕೇಳಿದ್ರೆ ಕೊಡ್ತಾರೆ ಅಂತ ನಂಗೆ ಯಾರೂ ಹೇಳಿಕೊಟ್ಟಿರಲಿಲ್ಲ."

ಹೊತ್ತು ಮುಳುಗಲು ಒಂದು ಗಳಿಗೆ ಇರುವಾಗ ರಾವುಲ್‌ನನ್ನು ದಸ್ತಗಿರಿ ಮಾಡಲಾಯಿತು. ದಾರಿಯಲ್ಲಿ ಅವನು ಒಮ್ಮೆಯೂ ತಲೆ ಎತ್ತಲಿಲ್ಲ.

ವಿಷಯ ತಿಳಿದ ಶೆಮ್ತೋಬ್ ಕೋಲು ನೆಲಕ್ಕೆ ಕುಟ್ಟಿದ. "ಅಯ್ಯೋ ಮಂಕೇ! ಚಳಿಗಾಲ ಪೂರ್ತಿ ನಾನು ಆ ರಾವುಲ್ ಜೊತೆ ಕೂತು ಆ ನಲವತ್ತು ಹಾಳೆ ಮುಗಿಸಿಕೊಡ್ಬೇಕು ಅಂತ ಶುಕ್ರವಾರವೇ ಮುತರ್ರಿಫ್ ನನ್ನಿಂದ ಮಾತು ತಗೊಂಡಿದ್ದ. ತೆಲ್ಲೊ ಗುಣವಾಗ್ಲಿ, ಸೋಮವಾರ ರಾವುಲ್‌ಗೆ ಹೇಳ್ತೀನಿ ಅಂದಿದ್ದ."

ಆ ಮಾತನ್ನು ಬಂದಿಗೆ ತಿಳಿಸಬೇಕೋ ಬೇಡವೋ ಎಂದು ಸೆಬ್ರಿಯಾನ್ ಎರಡು ದಿನ ಒದ್ದಾಡಿದ. ಕಡೆಗೆ ಹೇಳಿದ. ರಾವುಲ್ ಆ ದಿನ ರೊಟ್ಟಿ ಮುಟ್ಟಲಿಲ್ಲ.

ನ್ಯಾಯಾಧೀಶರು ವಸಂತದವರೆಗೆ ಸೆರೆ, ಆಮೇಲೆ ಪರ್ವತದಾಚೆಗೆ ಗಡೀಪಾರು ಎಂದು ವಿಧಿಸಿದರು. ಬುಧವಾರ ಹೇಸರಗತ್ತೆ ಸಾಲು ಸೇತುವೆ ದಾಟಿ ಹೋಯಿತು. ತೆಲ್ಲೊನ ಜ್ವರ ಇನ್ನೂ ತಿರುಗಿರಲಿಲ್ಲ, ಆದ್ದರಿಂದ ಹಕೀಮ ಅದರಲ್ಲಿರಲಿಲ್ಲ. ಮಗಳಿಗೆ ಒಂದು ಓಲೆ ಮಾತ್ರ ಹೋಯಿತು.

ಗುರುವಾರ ಬೆಳಗ್ಗೆ ಹಕೀಮ ಮುತರ್ರಿಫ್ ಹಣೆಗೆ ಪಟ್ಟಿ ಕಟ್ಟಿಕೊಂಡು, ಕಂಕುಳಲ್ಲಿ ಕಟ್ಟು ಹಿಡಿದು ಠಾಣೆಗೆ ಬಂದ. ಬಂದಿಯನ್ನು ನೋಡಬೇಕು ಎಂದ.

"ಬೈಯೋದಾದ್ರೆ ಒಂದು ಗಳಿಗೆ ಕೊಡ್ತೀನಿ," ಎಂದ ಸೆಬ್ರಿಯಾನ್.

"ಬೈಯೋಕೆ ಅಷ್ಟು ಸಾಕು. ನಂಗೆ ದಿನಾ ಎರಡು ಜಾವ ಬೇಕು. ವಸಂತದವರೆಗೆ."

ಸೆಬ್ರಿಯಾನ್ ಬೀಗ ತೆರೆದ. ಹಕೀಮ ಹುಲ್ಲಿನ ಮೇಲೆ ಕುಳಿತು ಕಟ್ಟು ಬಿಚ್ಚಿ, ಮಸಿ ಲೇಖನಿಗಳನ್ನು ರಾವುಲ್‌ನ ಮುಂದೆ ಸರಿಸಿದ. ರಾವುಲ್ ಕೈ ಹಿಂದಕ್ಕೆ ಎಳೆದುಕೊಂಡ.

"ನನ್ನಿಂದಾಗಿ ನೀವು ಮಗಳ ಹತ್ರ ಹೋಗ್ಲಿಲ್ಲ. ಈ ಕೈಲಿ ಹೇಗೆ ಬರೀಲಿ?"

"ನಿನ್ನನ್ನ ಕ್ಷಮಿಸೋಕೆ ನಂಗಿನ್ನೂ ಆಗಿಲ್ಲ," ಎಂದ ಹಕೀಮ. "ಅದು ನನ್ನ ನಿನ್ನ ಮಾತು. ನಿಮ್ಮೂರಲ್ಲಿ ಜ್ವರ ಬಂದು ಮಲಗಿರೋರು ನಂಗೇನು ಮಾಡಿದ್ದಾರೆ? ಬರಿ."

ರಾವುಲ್ ಬರೆಯತೊಡಗಿದ.